ಮಿರ್ತಾಳ ಬಾವಿನೀರು

ಪ್ರಯೋಗಾಲಯದ ಯಂತ್ರದ ಪರದೆಯ ಮೇಲೆ ಏಳಬೇಕಿದ್ದ ಗೆರೆ ಮಲಗಿಬಿಟ್ಟಿತು. ಗ್ರಿಸೆಲ್ಡಾ ಮೊದಲು ತನ್ನ ಕೈಗೆಲಸವನ್ನೇ ಬೈದುಕೊಂಡಳು. ಎಲೆಕ್ಟ್ರೋಡಿಗೆ ಕೂರಿಸುವಾಗ ಅಂಟು ಹೆಚ್ಚಾಗಿ ಕಿಣ್ವ ಸತ್ತಿರಬೇಕು. ಕಥೆಯ ರಾಕ್ಷಸ ಗಿಳಿಯಲ್ಲಿ ಪ್ರಾಣ ಬಚ್ಚಿಟ್ಟ ಹಾಗೆ, ಮನುಷ್ಯರ ನರಗಳನ್ನು ಹದದಲ್ಲಿಡುವ ಕಿಣ್ವವನ್ನೇ ಅವಳು ಎಲೆಕ್ಟ್ರೋಡಿನ ಕರಿಯ ತುದಿಯಲ್ಲಿ ಸೆರೆಯಿಟ್ಟಿದ್ದಳು. ನೀರಿನಲ್ಲಿ ಕೀಟನಾಶಕವಿದ್ದರೆ ಅದು ಸಾಯುತ್ತದೆ, ಗೆರೆ ಮಲಗುತ್ತದೆ.

"ಒಂದು ತೊಟ್ಟು ನೀರು ನೋಡೋಕೆ ಇಷ್ಟು ಹೊತ್ತೇನೇ? ಇಲ್ಲೇ ಹೆತ್ತುಬಿಡ್ತೀನಿ ನೋಡು," ಎಂದಳು ಬಾಗಿಲಾಚೆಯ ಬೆಂಚಿನಿಂದ ಅವಳ ಅಕ್ಕ, ತುಂಬು ಬಸುರಿ ಮಿರ್ತಾ. ಸೋಯಾ ಹೊಲಗಳ ಮೇಲೆ ವಿಮಾನ ಔಷಧಿ ಸುರಿಸಿ ಹೋದ ಮೇಲೆ ಮನೆಯ ಬಾವಿನೀರನ್ನು ತಂದವಳು ಅವಳೇ. ಕುದಿಸಿದರೆ ಸಾಕೆಂದುಕೊಂಡು ಅದೇ ನೀರು ಕಾಯಿಸಿ ಫ್ಲಾಸ್ಕಿನಲ್ಲೂ ತಂದಿದ್ದಳು. ಸೋರೆಬುರುಡೆಯಲ್ಲಿನ, ಚಹಾದಂಥ ಮಾಟೆ ಸೊಪ್ಪಿಗೆ ಅದನ್ನು ಹೊಯ್ದು ಕೊಳವೆಯಿಂದ ಹೀರುತ್ತ ಕುಳಿತಿದ್ದಳು.

ಹೊಸ ಎಲೆಕ್ಟ್ರೋಡನ್ನು ಶುದ್ಧ ನೀರಿಗಿಟ್ಟಾಗ ಗೆರೆ ನೆಟ್ಟಗೆ ಎದ್ದಿತು. ಅದನ್ನೇ ಬಾವಿನೀರಿಗಿಟ್ಟು ಕಾದಳು. ಗೆರೆ ಮೆಲ್ಲಗೆ ಮಲಗಿತು. ತಪ್ಪು ಅಂಟಿನದಾಗಿರಲಿಲ್ಲ.

ಅವಳು ಹೊರಗೆ ಬಂದಾಗ ಮಿರ್ತಾ ಬುರುಡೆ ತುಂಬಿಸಿ ಚಾಚಿದಳು. "ತಗೋ, ನಿನ್ನ ಸರದಿ."

"ಗ್ರಾಸಿಯಾಸ್, ಅಕ್ಕಾ." ಧನ್ಯವಾದ ಎಂದರ್ಥವಾದರೂ, ಮಾಟೆ ಕುಡಿಯುವ ಅಲ್ಲಿನ ಜನ ಇನ್ನು ಸಾಕು ಎನ್ನುವಾಗ ಮಾತ್ರ ಆಡುವ ಮಾತದು.

"ಒಂದು ಗುಟುಕೂ ಕುಡೀದೆ ಸಾಕಾಯ್ತಾ? ಪಟ್ಟಣದವಳಾಗ್ಬಿಟ್ಟೆ ಬಿಡು," ಎಂದು ನಗುತ್ತ ಮಿರ್ತಾ ತಂಗಿಯ ಮುಖ ನೋಡಿದಳು. ನಗು ನಿಂತಿತು. ಬುರುಡೆ ಹಿಡಿದ ಕೈ ಚಾಚಿದಲ್ಲೇ ಉಳಿಯಿತು. ಇನ್ನೊಂದು ಕೈ ಹೊಟ್ಟೆಯ ಮೇಲೆ ಹೋಗಿ, ಒಳಗಿನಿಂದ ಒಂದು ಒದೆತಕ್ಕಾಗಿ ಕಾಯತೊಡಗಿತು.