ಉಜ್ಜಿದ ಪದಕಗಳು

ವ್ಯಾಪಾರಿ ಒಳಗೆ ಕಾಲಿಟ್ಟಾಗ ಆ ಹೆಂಗಸು ಸೋವಿಯತ್ ಕಾಲದ ಕಂಚಿನ ಪದಕವೊಂದನ್ನು ಹಲ್ಲುಪುಡಿ ಹಾಕಿ ಉಜ್ಜುತ್ತಿದ್ದಳು.

"ನಿಲ್ಸಮ್ಮ," ಎಂದ. ಛತ್ರಿ ಮಡಿಸುವುದನ್ನೂ ಮರೆತಿದ್ದ.

ಆಕೆ ತಲೆಯೆತ್ತಿದಳು. ಅರವತ್ತೈದು ದಾಟಿರಬೇಕು. ಬೆರಳ ತುದಿಗಳಲ್ಲಿ ಎಷ್ಟು ತೊಳೆದರೂ ಹೋಗದಂಥ ಕಂದು ಕಲೆ. ಪದಕವನ್ನು ಅಂಚಿನಲ್ಲಷ್ಟೇ ಹಿಡಿದಿದ್ದಳು, ಉಜ್ಜುವಾಗಲೂ ಕೈ ಆಗಾಗ ನಿಲ್ಲುತ್ತಿತ್ತು. ವಯಸ್ಸಾಯಿತು, ಎಂದುಕೊಂಡ ವ್ಯಾಪಾರಿ.

"ಕಪ್ಪಾಗಿತ್ತು. ನೀವು ನೋಡೋಕೆ ಬರ್ತೀರಿ ಅಂದ್ರು. ಚೆನ್ನಾಗಿ ಕಾಣ್ಲಿ ಅಂತ."

"ಅದು ಕೊಳೆ ಅಲ್ಲಮ್ಮ, ಕಾಲ. ಐವತ್ತು ವರ್ಷ ಗಾಳಿ ಕುಡಿದು ಬಂದ ಬಣ್ಣ. ಕೊಳ್ಳೋರು ಬೆಲೆ ಕಟ್ಟೋದೇ ಅದಕ್ಕೆ. ಇದನ್ನಿನ್ನು ಗುಜರಿಗೆ ಹಾಕ್ಬೇಕು."

ಆಕೆ ಮಿಕಿಮಿಕಿ ನೋಡಿದಳು. ವ್ಯಾಪಾರಿಗೆ ಇಂಥವರನ್ನು ಕಂಡರೆ ಮೈಯುರಿ. ಗಂಡ ಆಯುಷ್ಯ ತೇಯ್ದು ಕೂಡಿಸಿದ್ದನ್ನು ಹೆಂಡತಿ ತಳ ಹಿಡಿದ ಪಾತ್ರೆಯ ಹಾಗೆ ತಿಕ್ಕಿ ಬೋರಲು ಹಾಕುತ್ತಾಳೆ. ಮನೆ ಮನೆಯಲ್ಲೂ ಇದೇ ಗೋಳು.

ಅವನನ್ನು ಕರೆಸಿದ್ದು ಆಕೆಯ ಮೈದುನ. ಅಣ್ಣ ತಮ್ಮ ಇಬ್ಬರೂ ಒಂದೇ ಸರಕು ಹಡಗಿನಲ್ಲಿ ಮೆಕ್ಯಾನಿಕ್ಕರಾಗಿದ್ದವರು. ಹೋದ ಹೋದ ಬಂದರಿನಲ್ಲೆಲ್ಲ ಸೋವಿಯತ್ ಬ್ಯಾಡ್ಜು, ಪದಕ ಹುಡುಕಿ ತಂದು ಒಂದೇ ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದರು. ಅಣ್ಣ ತೀರಿಕೊಂಡು ಆರು ತಿಂಗಳು. ಪೆಟ್ಟಿಗೆಯಲ್ಲಿ ಅರ್ಧ ತನ್ನದು, ಮಾರಲೇಬೇಕು ಎಂದು ತಮ್ಮ ಪಟ್ಟು ಹಿಡಿದ. ಅತ್ತಿಗೆ ಎರಡು ಸಲ ಬೇಡವೆಂದಳು. ಮೂರನೆಯ ಸಲ ಸುಮ್ಮನಾದಳು.

"ಬೇಜಾರು ಮಾಡ್ಕೋಬೇಡಿ," ಎಂದ ಮೈದುನ, ಅತ್ತಿಗೆಯ ಎದುರಿಗೇ. "ಜೀವಮಾನ ಪೂರ್ತಿ ಯಾವುದೋ ಸರ್ಕಾರಿ ಕಟ್ಟಡದಲ್ಲಿ ಕ್ಲೀನಿಂಗ್ ಕೆಲಸ ಮಾಡಿದೋರು. ಕೈ ಸುಮ್ನಿರಲ್ಲ."

"ಕಾಣುತ್ತೆ," ಎಂದ ವ್ಯಾಪಾರಿ.

ಆಕೆ ಪೆಟ್ಟಿಗೆಯಿಂದ ಪುಟ್ಟ ಕೆಂಪು ನಕ್ಷತ್ರವೊಂದನ್ನು ತೆಗೆದಳು. "ಇದನ್ನ ಅವರು ಒಬ್ಬ ಅಡುಗೆಯವನ ಹತ್ರ ತಗೊಂಡಿದ್ದು. ಬದಲಿಗೆ ಮೈಮೇಲಿದ್ದ ಸ್ವೆಟರ್ ಬಿಚ್ಚಿ ಕೊಟ್ಟು, ನಡುಗ್ತಾ ಹಡಗಿಗೆ ವಾಪಸ್..."

"ಕತೆಗೆ ಗಿರಾಕಿ ಇಲ್ಲಮ್ಮ," ಎಂದು ವ್ಯಾಪಾರಿ ಮಾತು ಕತ್ತರಿಸಿದ.

"ಹಾಗಾದ್ರೆ ಯಾವುದಕ್ಕೆ ಹೆಚ್ಚು ಬೆಲೆ ಅಂತ ಹೇಳಿ. ನಂಗೆ ಗೊತ್ತಾಗ್ಲಿ."

ತಿಳಿಯದವರಿಗೆ ತಿಳಿಸುವುದೆಂದರೆ ವ್ಯಾಪಾರಿಗೆ ಬಾಯಿ ಚಪಲ. ಮೂರನ್ನು ಆರಿಸಿ ಕರವಸ್ತ್ರದ ಮೇಲಿಟ್ಟ. ಲಂಗರಿನ ಮೇಲೆ ನೌಕಾಪತಿಯ ಮುಖವಿದ್ದ ಬೆಳ್ಳಿ ಪದಕವನ್ನು ತಿರುಗಿಸಿ, ಹಿಂದೆ ಕೆತ್ತಿದ್ದ ಸಂಖ್ಯೆ ತೋರಿಸಿದ. ಆ ಸಂಖ್ಯೆ ಮಾಸಿದರೆ ಪದಕ ಸತ್ತಂತೆ ಎಂದ. ಗಿರಾಕಿ ಗೊತ್ತುಮಾಡಿ ಗುರುವಾರ ಬರುವೆ, ಅಲ್ಲಿಯವರೆಗೆ ಕೈಯಾಡಿಸಬೇಡಿ ಎಂದು ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದ.

ಗುರುವಾರ ಆ ಮೂರೂ ಹೊಸ ಚಮಚಗಳ ಹಾಗೆ ಫಳಫಳ ಹೊಳೆಯುತ್ತಿದ್ದವು. ನೌಕಾಪತಿಯ ಮೂಗು ಸವೆದಿತ್ತು. ಹಿಂದಿನ ಸಂಖ್ಯೆಯನ್ನು ಬೆರಳಿನಿಂದ ತಡವಿ ಹುಡುಕಬೇಕಿತ್ತು.

"ನೀವೇ ಹೇಳಿದ್ರಲ್ಲ, ಇವು ಒಳ್ಳೇವು ಅಂತ," ಎಂದಳು ಆಕೆ. "ಅದಕ್ಕೇ ಇವಕ್ಕೆ ಜಾಸ್ತಿ ಹೊತ್ತು ಹಿಡೀತು."

ಮೈದುನ ಗೋಡೆ ನೋಡಿದ. ವ್ಯಾಪಾರಿ ಎದ್ದು ಹೋಗಬೇಕಿತ್ತು. ಆದರೆ ಪೆಟ್ಟಿಗೆಯ ತಳದಲ್ಲಿ ನೀಲಿ ಎನಾಮೆಲ್‌ನ ಪ್ಯಾರಾಶೂಟ್ ಬ್ಯಾಡ್ಜುಗಳಿದ್ದವು. ಒಂದು ಸಾಲು ಪೂರ್ತಿ, ಒಂದಕ್ಕೂ ಊನವಿಲ್ಲ. ಅವನ ಬಾಯಲ್ಲಿ ನೀರೂರಿತು. ಇವಕ್ಕೂ ಗಿರಾಕಿ ಹುಡುಕಿ ಮುಂದಿನ ಗುರುವಾರ ಬರುವೆ ಎಂದ.

"ಇವಕ್ಕೆ ಹಲ್ಲುಪುಡಿ ಹಾಕಲ್ಲ ಬಿಡಿ," ಎಂದಳು ಆಕೆ. "ಬರೀ ನೀರಲ್ಲಿ ತೊಳೀಬಹುದಾ?"

"ಏನೂ ಮಾಡ್ಬೇಡಿ ತಾಯಿ. ಬಿಸಿನೀರಿಂದ ತೆಗೆದು ತಣ್ಣೀರಿಗೆ ಹಾಕಿದ್ರೆ ಈ ಬಣ್ಣ ಗಾಜಿನ ಹಾಗೆ ಸೀಳಿ ಹೋಗುತ್ತೆ. ಅರ್ಥ ಆಯ್ತಾ?"

"ಆಯ್ತು," ಎಂದಳು.

ಮುಂದಿನ ಗುರುವಾರ ಸಾಲು ಪೂರ್ತಿ ಸೀಳಿತ್ತು. ಮೇಜಿನ ಮೇಲೆ ಎರಡು ಬೋಗುಣಿ. ಒಂದರಲ್ಲಿ ಇನ್ನೂ ಹಬೆಯಾಡುತ್ತಿತ್ತು. ಆಕೆಯ ಕಣ್ಣು ಕೆಂಪಗಿತ್ತು. ಬೈಗುಳಕ್ಕೆ ಮೊದಲೇ ಅತ್ತು ಕೂತಿದ್ದಾಳೆ ಎಂದು ವ್ಯಾಪಾರಿಗೆ ಇನ್ನಷ್ಟು ಅಸಹ್ಯವಾಯಿತು.

"ಇನ್ನು ಇದನ್ನ ದಾರೀಲಿ ಹೋಗೋರಿಗೆ ಹಂಚಿ," ಎಂದ ಮೈದುನನಿಗೆ. "ನಲವತ್ತು ವರ್ಷದಲ್ಲಿ ಇಂಥ ತಲೆ ನಾನು ನೋಡಿಲ್ಲ. ಕಲ್ಲಿಗೆ ಹೇಳಿದ್ರೂ ಕೇಳ್ತಿತ್ತು."

ಮೈದುನನ ಸಹನೆ ಮುಗಿಯಿತು. "ಎಲ್ಲಾ ನೀವೇ ಇಟ್ಕೊಳ್ಳಿ ಅತ್ತಿಗೆ. ನನ್ನ ಅರ್ಧಾನೂ ನಿಮಗೇ. ಬೇಕಾದ್ರೆ ಬರ್ದು ಕೊಡ್ಲಾ?"

ಚುಚ್ಚಲೆಂದು ಆಡಿದ ಮಾತು. ಆಕೆ ಅದನ್ನು ನಿಜವೆಂದೇ ಹಿಡಿದಳು. "ಬರ್ದು ಕೊಡಪ್ಪ."

ಅವನು ಸಿಟ್ಟಿನಲ್ಲಿ ವ್ಯಾಪಾರಿಯ ಕಾರ್ಡಿನ ಹಿಂಬದಿಯಲ್ಲೇ ಬರೆದು ಸಹಿ ಹಾಕಿದ. ಸಾಕ್ಷಿಗೆಂದು ವ್ಯಾಪಾರಿಯೂ ಹಾಕಿದ, ನಗು ತಡೆಯಲಾಗದೆ. ಪುಕ್ಕಟೆ ಕೊಟ್ಟರೂ ಯಾರೂ ಕೇಳದ ತಗಡಿಗೆ ಕಾಗದ ಪತ್ರ ಬೇರೆ. ಇಬ್ಬರೂ ಮೆಟ್ಟಿಲಿಳಿಯುವಾಗ ಆಕೆಯನ್ನು ಆಡಿಕೊಂಡ ಮಾತುಗಳು ಮೇಲಿನವರೆಗೂ ಕೇಳಿದವು.

ಆಕೆ ಬಾಗಿಲು ಹಾಕಿದಳು. ಸೀಳಿದ ಬ್ಯಾಡ್ಜುಗಳನ್ನು ಒಂದೊಂದಾಗಿ ಒರೆಸಿ, ಯಾವುದು ಎಲ್ಲಿತ್ತೋ ಅಲ್ಲೇ ಇಟ್ಟಳು. ಪ್ರತಿಯೊಂದರ ಬಂದರಿನ ಹೆಸರೂ ಅವಳ ತುಟಿಯ ಮೇಲೆ ಬಂದು ಹೋಯಿತು. ಅಷ್ಟರಲ್ಲಿ ಫೋನ್ ಬಂತು.

"ಮೇಡಂ, ಮ್ಯೂಸಿಯಮ್ಮಿನಿಂದ. ನೀವು ಮೂವತ್ತು ವರ್ಷ ನಡೆಸಿದ ಲೋಹ ಸಂರಕ್ಷಣಾ ವಿಭಾಗಕ್ಕೆ ಹೊಸಬರು ಬಂದಿದ್ದಾರೆ. ಹಳೇ ಪದಕಗಳನ್ನ ಕೆಡಿಸದೆ ಶುಚಿ ಮಾಡೋದು ಹೇಗೆ ಅನ್ನೋ ಮೊದಲ ಪಾಠ, ಪ್ರತಿವರ್ಷದ ಹಾಗೆ, ನೀವೇ ಬಂದು ಹೇಳ್ಬೇಕು."

"ಈ ವರ್ಷದಿಂದ ಬೇರೆ ಯಾರನ್ನಾದ್ರೂ ಕರೀರಪ್ಪ," ಎಂದಳು ಆಕೆ. "ಆ ಪಾಠ ಹೇಳೋ ಯೋಗ್ಯತೆ ನನಗಿನ್ನು ಇಲ್ಲ."