ಕುತ್ತಿಗೆಯ ಕಪ್ಪು

ಲುಂಬಿನಿಯ ಕುತ್ತಿಗೆಯಿಂದ ಇಳಿಯುವ ನೀರು ಯಾವಾಗಲೋ ತಿಳಿಯಾಗಿತ್ತು. ಆದರೂ ದ್ರೌಪದಿ ಮಗಳನ್ನು ಅಂಗಳದ ಬಂಡೆಯ ಮೇಲೆ ಕೂರಿಸಿಕೊಂಡು ಒರಟು ಕಲ್ಲಿನಿಂದ ತಿಕ್ಕುತ್ತಲೇ ಇದ್ದಳು. ಸಿಮೆಂಟ್ ಫ್ಯಾಕ್ಟರಿಯ ಪಕ್ಕದ ಊರು ಕೋಡ್ಲಾದಲ್ಲಿ ಮೈಯ ಕೊಳೆಯೆಂದರೆ ಸಿಮೆಂಟಿನ ಧೂಳು, ತಿಕ್ಕಿದರೆ ಹೋಗಲೇಬೇಕು. ಹತ್ತು ವರ್ಷದ ದಪ್ಪ ಹುಡುಗಿ ಹಲ್ಲು ಕಚ್ಚಿ ಕುಳಿತಿದ್ದಳು. ಚರ್ಮ ಕೆಂಪೇರಿತು, ಕಪ್ಪು ಮಾತ್ರ ಹೋಗಲಿಲ್ಲ.

“ಅಕ್ಕಾ, ತಿಕ್ಕಬ್ಯಾಡ್ರಿ!” ದ್ರೌಪದಿಯ ಗಂಡ ಲಾಲಪ್ಪನ ಶುಗರ್ ಗುಳಿಗೆ ಕೊಡಲು ಬಂದಿದ್ದ ಆಶಾ ಕಾರ್ಯಕರ್ತೆ ವಂದನಾ ಓಡಿಬಂದು ಅವಳ ಕೈ ಹಿಡಿದಳು. “ಇದು ಧೂಳಲ್ರಿ. ಮೈಯಾಗ ಕೊಬ್ಬು ಭಾಳ ಆದ್ರ ಹಿಂಗ ಕಪ್ಪಾಗ್ತದ. ಶುಗರ್ ಬರೂ ಮೊದಲಿನ ಗುರುತು ಇರಬಹುದು. ನಾಳಿಗೇ ದವಾಖಾನಿಗಿ ಹೋಗಿ ರಕ್ತ ತಪಾಸ ಮಾಡ್ಸಮ್ರಿ.”

ದ್ರೌಪದಿಯ ಕೈಯಿಂದ ಕಲ್ಲು ಜಾರಿತು. ನಾಲ್ಕು ದಿನ ಕಾಸಿ ಕಾಸಿ ಕಪ್ಪಾದ ಎಣ್ಣೆಯಲ್ಲಿ ಕರಿದು, ತನ್ನ ಬಂಡಿಯಲ್ಲಿ ಮಾರಿ ಉಳಿದ ಭಜಿಯನ್ನು ದಿನವೂ ಗಂಡನಿಗೂ ಮಗಳಿಗೂ ಬಡಿಸಿದವಳು ಅವಳೇ.

“ಅಪ್ಪನ ಕುತ್ತಿಗಿನೂ ಹಿಂಗೇ ಅದಲ್ಲವ್ವಾ?” ಲುಂಬಿನಿ ಕೇಳಿದಳು.

ಕಟ್ಟೆಯ ಮೇಲೆ ಕುಳಿತಿದ್ದ ಲಾಲಪ್ಪ ಹೆಗಲ ಮೇಲಿನ ಟವೆಲು ಎಳೆದು ಕುತ್ತಿಗೆ ಮುಚ್ಚಿಕೊಂಡ. ಅಷ್ಟರಲ್ಲಿ ಮಗಳ ಕಣ್ಣು ಕೆಳಗಿಳಿದಿತ್ತು. ಹೋದ ವರ್ಷ ಶುಗರಿನಿಂದ ಕೊಳೆತು, ಡಾಕ್ಟರು ಮೊಣಕಾಲಿನವರೆಗೆ ಕತ್ತರಿಸಿದ ಅವನ ಬಲಗಾಲನ್ನೇ ಅವಳು ನೋಡುತ್ತಿದ್ದಳು. ಕಣ್ಣು ಕದಲಿಸದೆ, ತನ್ನ ಎರಡೂ ಪಾದಗಳನ್ನು ಮೆಲ್ಲಗೆ ಲಂಗದೊಳಗೆ ಎಳೆದುಕೊಂಡಳು.