ಮೇಲಿನ ಮಹಡಿಯ ರೂಮು

“ಇದೂ ಬ್ಯಾಡ ಕಣಪ್ಪ” ಎಂದು ರುದ್ರಾಣಮ್ಮ ಎರಡನೇ ಹೋಟೆಲಿನ ಮೆಟ್ಟಿಲನ್ನೂ ಇಳಿದುಬಿಟ್ಟಾಗ ಮಗ ಗುರುಪ್ರಸಾದ ಗಾಬರಿಯಿಂದ ಬೆನ್ನಿಗೇ ಓಡಿದ. ಬೆಂಗಳೂರಿನಲ್ಲಿ ಅವ್ವನಿಗೆ ಹೋಟೆಲು ಹಿಡಿಸದಿದ್ದರೆ ಮುಂದಿನ ಬಸ್ಸಿಗೇ ತಮ್ಮೂರು ಬಿಳಿಗೆರೆಗೆ ವಾಪಸ್ಸು. ಅವ್ವ ವಾಪಸ್ಸಾದರೆ ಭಾನುವಾರ ಮಗಳ ಧಾರೆಗೆ ಅಜ್ಜಿ ಇಲ್ಲ. ಅಜ್ಜಿ ಬರದಿದ್ದರೆ ತಾಳಿಗೆ ಕೊರಳು ಕೊಡುವುದಿಲ್ಲ ಎಂದು ಪವಿತ್ರ ಆಗಲೇ ಅತ್ತು ಹೇಳಿಯಾಗಿತ್ತು.

ಅವ್ವನ ಮುನಿಸು ಶುರುವಾದದ್ದು ಬೀಗರ ಮಾತಿನಿಂದ. ಗಂಡಿನ ಕಡೆಯವರು ಬೆಂಗಳೂರಿನವರು. “ಊಟಗೀಟ ಎಲ್ಲ ಕಂಟ್ರಾಕ್ಟ್ ಕೊಟ್ಟಿದ್ದೀವಿ, ನೀವು ಕೈಬೀಸಿಕೊಂಡು ಬನ್ನಿ” ಎಂದು ಬೀಗಿತ್ತಿ ಫೋನಿನಲ್ಲಿ ಅಂದದ್ದೇ ತಡ, ರುದ್ರಾಣಮ್ಮ “ಅಂಗಾರೆ ನಾನ್ಯಾಕೆ ಬರ್ಲಿ?” ಎಂದು ಜಗಲಿ ಹಿಡಿದರು. ವಾರದಿಂದ ಊರಿನ ಮೇಲೆ ಮೋಡ ಮುಚ್ಚಿಕೊಂಡಿತ್ತು. ಅವರ ಮುಖವೂ ಹಾಗೇ ಇತ್ತು. ಕೊನೆಗೆ ಒಂದು ದಿನ ತಾವಾಗಿಯೇ ಎದ್ದು, “ಬತ್ತೀನಿ. ಆದ್ರೆ ಬೀಗರ ಮನೇಲಿ ಇರಕ್ಕಿಲ್ಲ. ಮೂರ್ ದಿನ ಮುಂಚೇನೇ ಓಗಿ ಒಳ್ಳೆ ಓಟ್ಲಲ್ಲಿ ಇರಾನ. ರೂಮು ನಾನೇ ನೋಡಿ ಒಪ್ಕಬೇಕು” ಎಂದರು.

ಗುರುಪ್ರಸಾದ ಕೂಡಲೇ ಹೂಂ ಅಂದ. ನಂಜನಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟು ಅನುಕೂಲವಾಗಿದ್ದವನು. ಅವ್ವ ಇದುವರೆಗೆ ತನಗೆಂದು ಒಂದು ಸೀರೆಯನ್ನೂ ಕೇಳಿದವರಲ್ಲ. ಜೀವಮಾನವೆಲ್ಲ ಒಲೆ ಮುಂದೆ ಬೆಂದ ಜೀವಕ್ಕೆ ಈಗಲಾದರೂ ಸುಖ ಬೇಕೆನ್ನಿಸಿತಲ್ಲ! ಬೆಳಗಿನ ಜಾವವೇ ಕಾರು ಮಾಡಿಕೊಂಡು ಹೊರಡಿಸಿದ. ದಾರಿಯುದ್ದಕ್ಕೂ ಅವ್ವ ಬಟ್ಟೆ ಕಟ್ಟಿದ ಡಬರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಯಾರಿಗೂ ಮುಟ್ಟಗೊಡಲಿಲ್ಲ. ಲಿಂಗಪೂಜೆಯ ಸಾಮಾನಿರಬೇಕು ಎಂದು ಅವನೂ ಕೇಳಲಿಲ್ಲ.

ಮೊದಲನೆಯ ಹೋಟೆಲಿನಲ್ಲಿ ಏಸಿ ಮೈ ಕೊರೆಯುತ್ತಿತ್ತು. ಕಿಟಕಿ ತೆಗೆಯಲು ಬರುವುದಿಲ್ಲ ಎಂದದ್ದೇ ಅವ್ವ ತಿರುಗಿ ನಡೆದಿದ್ದರು. ಎರಡನೆಯದರಲ್ಲಿ ರೂಮಿಗೆ ತಾಗಿದಂತೆ ದೊಡ್ಡ ಮರ. “ಸದಾ ತಂಪು, ಬೆಳಗಾದರೆ ಹಕ್ಕಿಗಳು ಒಳಗೇ ಬರುತ್ತವೆ, ನಿಮ್ಮೂರಲ್ಲಿದ್ದ ಹಾಗೇ ಇರುತ್ತೆ ಅಮ್ಮ” ಎಂದು ಕೌಂಟರಿನ ಹುಡುಗಿ ನಕ್ಕಳು. ಅವ್ವ ಆಗಲೇ ಬಾಗಿಲ ಕಡೆ ತಿರುಗಿದ್ದರು.

ಮೂರನೆಯದು ಎಲ್ಲಕ್ಕಿಂತ ಭರ್ಜರಿ. ಬಾಗಿಲಲ್ಲಿ ಪೇಟದವನು ಸಲಾಮು ಹೊಡೆದ. ನುಣ್ಣನೆಯ ನೆಲದಲ್ಲಿ ತನ್ನ ಮುಖವೇ ಕಂಡು ಗುರುಪ್ರಸಾದನಿಗೆ ನಾಚಿಕೆಯಾಯಿತು. ಮ್ಯಾನೇಜರು ಒಂದೊಂದೇ ರೂಮು ತೋರಿಸಿದ. ಈಜುಕೊಳದ ಕಡೆಯದು ಬ್ಯಾಡ. ತೋಟದ ಕಡೆಯದೂ ಬ್ಯಾಡ.

“ಇನ್ನೂ ಮ್ಯಾಲಕ್ಕೆ ಯಾವ್ದೂ ಇಲ್ವಾ ಸಾ?”

“ಕೊನೇ ಮಹಡಿಯಲ್ಲಿ ಒಂದಿದೆ. ದೊಡ್ಡ ಬಾಲ್ಕನಿ. ಆದರೆ ಬೆಳಿಗ್ಗೆಯಿಂದ ಸಂಜೆವರೆಗೂ ಬಿಸಿಲು ಹೊಡೆಯುತ್ತೆ. ಬೇಸಿಗೆಯಲ್ಲಿ ಯಾರೂ ತಗೊಳ್ಳಲ್ಲಮ್ಮ.”

ಅವ್ವನ ಮುಖ ಅರಳಿತು. ಮೇಲೆ ಹೋಗಿ ಬಾಲ್ಕನಿಯಲ್ಲಿ ನಿಂತು ಆಕಾಶ ನೋಡಿದರು. ನೆಲಕ್ಕೆ ಅಂಗೈ ಒತ್ತಿ ನೋಡಿದರು. ಮಂಚದ ಮೇಲಿನ ಬಿಳಿ ಹಾಸನ್ನು ಮೂಸಿ, “ಒಗ್ದಿದ್ದಾ?” ಎಂದು ಕೇಳಿದರು. ಮ್ಯಾನೇಜರು ಹುಬ್ಬೇರಿಸಿದ.

“ಪೂಜೆ ಮಾಡೋರು ಸಾರ್, ಮಡಿ ಜಾಸ್ತಿ” ಎಂದು ಗುರುಪ್ರಸಾದ ಹಲ್ಲುಕಿರಿದ.

“ಇದೇ ಇರ್ಲಿ” ಎಂದರು ಅವ್ವ.

ಬಾಡಿಗೆ ಕೇಳಿ ತಲೆ ಗಿರ್ರೆಂದರೂ ಗುರುಪ್ರಸಾದನ ಮನಸ್ಸು ತುಂಬಿ ಬಂತು. ಸೀದಾ ಬೀಗರ ಮನೆಗೆ ಹೋಗಿ, ಅವ್ವನನ್ನು ಎಂಥ ಕಡೆ ಇಳಿಸಿದ್ದೇನೆ ನೋಡಿ ಬನ್ನಿ ಎಂದು ಬೀಗಿತ್ತಿಯನ್ನೇ ಕಾರು ಹತ್ತಿಸಿಕೊಂಡು ಬಂದ. ಹಳ್ಳಿಯವರಿಗೂ ಅಂತಸ್ತು ಅಂತ ಒಂದಿದೆ ಎಂಬುದು ಅವರಿಗೂ ಗೊತ್ತಾಗಲಿ!

ರೂಮಿನ ಬಾಗಿಲು ತೆರೆದೇ ಇತ್ತು. ಏಸಿ ಆರಿಸಿತ್ತು. ಮಂಚ ಬೋಳಾಗಿತ್ತು. ಬಾಲ್ಕನಿಯ ಹೊಸ್ತಿಲಲ್ಲಿ ಬೀಗಿತ್ತಿ ಬಾಯಿ ತೆರೆದು ನಿಂತುಬಿಟ್ಟರು.

ಊರಿಂದ ತಂದ ಡಬರಿಯಿಂದ ಹಿಟ್ಟು ತೆಗೆದು ಹೋಟೆಲಿನ ಬಿಳಿ ಹಾಸುಗಳ ಉದ್ದಗಲಕ್ಕೂ ಅರಳುಸಂಡಿಗೆ ಇಡುತ್ತಿದ್ದ ರುದ್ರಾಣಮ್ಮ ತಲೆಯೆತ್ತಿ, “ಬನ್ರವ್ವ, ನಮ್ಮೂರಲ್ಲಿ ಬಿಸ್ಲೇ ಇಲ್ಲ, ಮೊಮ್ಮಗಳ ಮದ್ವೇಲಿ ಮನೆ ಸಂಡಿಗೆ ಬಡಿಸ್ದೆ ಇದ್ರೆ ಆದದಾ? ಅತ್ಲಾಗೆ ಕುಂತ್ಕಂಡು ಒಸಿ ಕಾಗೆ ಓಡ್ಸಿ” ಎಂದು ಅವರ ಕೈಗೆ ಕೊಡೆ ಕೊಟ್ಟರು.